ಬೋಳುಕಟ್ಟೆ

ದುರ್ಗದ ಸೀಮೆಯಲ್ಲಿ, ಗೌನಹಟ್ಟಿಯ ಬಂಡಿದಾರಿ ಬಂದು ದೊಡ್ಡ ರಸ್ತೆಗೆ ಕೂಡುವ ತಿರುವಿನಲ್ಲಿ ಒಂದು ದುಂಡನೆಯ ಕಲ್ಲುಕಟ್ಟೆ ಇದೆ. ಕಟ್ಟೆ ಎಂದಮೇಲೆ ಮರ ಇರಬೇಕು. ಇದರ ಮೇಲೆ ಮರವಿಲ್ಲ. ಸುತ್ತ ಹರದಾರಿ ದೂರ ಬಯಲು. ಬಸ್ಸಿಗೆ ಕಾಯುವವರು ತಲೆಯ ಮೇಲೆ ಸೆರಗನ್ನೋ ಟವೆಲ್ಲನ್ನೋ ಹೊದ್ದು ಬಿಸಿಲಿನಲ್ಲೇ ಕುಳಿತಿರುತ್ತಾರೆ. ಇದಕ್ಕೆ ಬೋಳುಕಟ್ಟೆ ಎಂದು ಹೆಸರು. ಆ ಹೆಸರು ಪಾಲಮ್ಮನೆಂಬ ಹೆಂಗಸಿನ ಸಂಕಟದಿಂದ ಬಂದದ್ದು ಎನ್ನುತ್ತಾರೆ.

ಹಿಂದೆ ಒಮ್ಮೆ, ಈ ರಸ್ತೆಗೆ ಜಲ್ಲಿ ಹಾಕುತ್ತಿದ್ದ ಕಾಲದಲ್ಲಿ, ಗಂಡ ಸತ್ತ ಪಾಲಮ್ಮ ಐದು ವರ್ಷದ ಮಗಳು ಬೊಮ್ಮಕ್ಕನನ್ನು ಕಟ್ಟಿಕೊಂಡು ಕಲ್ಲು ಒಡೆಯುವ ಕೂಲಿಗೆ ಬಂದಳು. ಮೂರು ದಿನದ ಜ್ವರದಲ್ಲಿ ಮಗು ತೀರಿಕೊಂಡಿತು. ತಿರುವಿನ ಪಕ್ಕದಲ್ಲೇ ಮಣ್ಣು ಮಾಡಿ, ತಲೆಯ ಕಡೆ ಒಂದು ಆಲದ ಕೊಂಬೆ ನೆಟ್ಟಳು. ರಸ್ತೆ ಮುಗಿದು ಕೂಲಿಯವರೆಲ್ಲ ಹೊರಟರೂ ಪಾಲಮ್ಮ ಹೊರಡಲಿಲ್ಲ. ಕೆರೆಯಿಂದ ನೀರು ಹೊತ್ತು ಹೊತ್ತು ಗಿಡವನ್ನು ಮರ ಮಾಡಿದಳು. ಊರವರು ಸುತ್ತ ಕಟ್ಟೆ ಕಟ್ಟಿದರು. ಅವಳು ಅದರ ಬುಡದಲ್ಲಿ ಅರವಟ್ಟಿಗೆ ಇಟ್ಟು ದಾರಿಹೋಕರಿಗೆ ನೀರು ಕೊಡುತ್ತ ಮುದುಕಿಯಾದಳು. ಇಳಿಬಿದ್ದ ಬಿಳಲುಗಳನ್ನು ಮಗಳ ಜಡೆಯೆಂಬಂತೆ ನೇವರಿಸುತ್ತಿದ್ದಳಂತೆ.

ಎತ್ತಿನ ಗಾಡಿಗಳ ಕಾಲಕ್ಕೆ ಆ ಮರ ಯಾರಿಗೂ ಅಡ್ಡಿಯಾಗಿರಲಿಲ್ಲ. ಬಸ್ಸು, ಲಾರಿಗಳು ಬಂದ ಮೇಲೆ ತಿರುವಿನ ನೋಟಕ್ಕೆ ಬಿಳಲುಗಳೇ ಗೋಡೆಯಾದವು. ಮೊದಲು ಒಂದು ಎತ್ತು ಸತ್ತಿತು. ಆಮೇಲೆ ಸೈಕಲ್ಲಿನವನೊಬ್ಬ ಕಾಲು ಕಳೆದುಕೊಂಡ. ಊರವರು ಗ್ರಹಚಾರವೆಂದರು. ಒಂದು ಸೋಮವಾರ ಬೆಳಿಗ್ಗೆ ಹಟ್ಟಿಯ ದುರುಗಮ್ಮ, ಎಂಟು ವರ್ಷದ ಮಗಳು ಈರಿಯೊಂದಿಗೆ ಬಂಡಿದಾರಿಯಲ್ಲಿ ಬರುತ್ತಿದ್ದಳು. ಪಾಲಮ್ಮ ಎಂದಿನಂತೆ, "ಬಾರೇ ಈರಿ, ನೀರು ಕುಡ್ದು ಹೋಗೇ" ಎಂದು ಕೂಗಿದಳು. ಹುಡುಗಿ ತಾಯಿಯ ಕೈ ಬಿಡಿಸಿಕೊಂಡು ಓಡಿಬಂದಳು. ಮರದ ಮರೆಯಿಂದ ಬಸ್ಸು ಬಂತು.

ಈರಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡವಳು ಪಾಲಮ್ಮನೇ. ಬಾಯಿಗೆ ಬಿಟ್ಟ ನೀರು ಹೊರಕ್ಕೆ ಹರಿಯಿತು. ಡ್ರೈವರ್ ತಿಪ್ಪೇಸ್ವಾಮಿ ಮಣ್ಣಿನಲ್ಲಿ ಕುಸಿದು, "ಮರ ಬಿಟ್ರೆ ಇನ್ನೇನೂ ಕಾಣ್ಲಿಲ್ಲ ಕಣವ್ವಾ" ಎಂದು ತಲೆ ಚಚ್ಚಿಕೊಂಡ. ಮೂರನೆಯ ದಿನ ಪಾಲಮ್ಮ ಅವನ ಬಸ್ಸಿಗೆ ಕೈ ಅಡ್ಡ ಹಿಡಿದಳು. "ನಿನ್ ಜಾಗದಾಗೆ ನನ್ನ ಕೂರ್ಸಪ್ಪಾ" ಎಂದಳು. ಅವನು ಅವಳನ್ನು ತನ್ನ ಸೀಟಿಗೆ ಹತ್ತಿಸಿ ಕೂರಿಸಿದ. ಗಾಜಿನಾಚೆ ಬಂಡಿದಾರಿ ಕಾಣಲಿಲ್ಲ, ಹಟ್ಟಿ ಕಾಣಲಿಲ್ಲ. ಅವಳು ನೀರೆರೆದು ಬೆಳೆಸಿದ ಮರವೊಂದೇ ಕಣ್ತುಂಬ ನಿಂತಿತ್ತು.

ಮರ ಕಡಿಸಿರೆಂದು ಅವಳು ಊರ ಹಿರಿಯರ ಕಾಲು ಹಿಡಿದಳು. ಆಲ ಕಡಿದರೆ ವಂಶ ನಿಲ್ಲುವುದಿಲ್ಲ ಎಂದು ಅವರು ಹಿಂಜರಿದರು. "ನಿಲ್ಲೋಕೆ ನಂಗೆಲ್ಲೈತೆ ವಂಶ? ಆ ಪಾಪ ನಂಗೇ ಇರ್ಲಿ" ಎಂದು ಪಾಲಮ್ಮ ತಾನೇ ಕೊಡಲಿ ಹಿಡಿದಳು. ಮೊದಲ ಏಟಿಗೆ ಮುಂಚೆ ಬುಡಕ್ಕೆ ಹಣೆಯಿಟ್ಟು, "ನಿಂಗೆ ಬಿಸಿಲಾಗ್ತೈತೆ ಮಗಾ, ತಡಕಳವ್ವ" ಎಂದಳಂತೆ. ಮುದಿಗೈಗೆ ಎಷ್ಟು ಶಕ್ತಿ? ಎರಡು ದಿನಕ್ಕೆ ನಾಲ್ಕು ಬಿಳಲು ಬಿದ್ದವು. ಮೂರನೆಯ ದಿನ ತಿಪ್ಪೇಸ್ವಾಮಿ ಗರಗಸ ತಂದ. ಅದರ ಇನ್ನೊಂದು ತುದಿ ಹಿಡಿಯಲು ಬಂದವಳು ದುರುಗಮ್ಮ. ಸಂಜೆ ಹೊರಡುವಾಗ ಬೊಬ್ಬೆಯೆದ್ದ ಪಾಲಮ್ಮನ ಅಂಗೈಗೆ ಎಣ್ಣೆ ಹಚ್ಚಿ ಹೋದಳು.

ನೆರಳು ಕಳೆದುಕೊಂಡ ಸಿಟ್ಟಿಗೆ ಜನ ಬೋಳುಕಟ್ಟೆ ಎಂದು ಹಂಗಿಸಿದರು. ವರ್ಷ ಕಳೆದರೂ ಆ ತಿರುವಿನಲ್ಲಿ ಒಂದು ಜೀವವೂ ಹೋಗದಿದ್ದಾಗ ಅದೇ ಹೆಸರನ್ನು ತಗ್ಗಿದ ದನಿಯಲ್ಲಿ ಹೇಳತೊಡಗಿದರು. ಆದರೆ ಆಲ ಅಷ್ಟು ಸುಲಭವಾಗಿ ಸಾಯುವ ಮರವಲ್ಲ. ಪ್ರತಿ ಮುಂಗಾರಿಗೂ ಕೊರಡು ಚಿಗುರುತ್ತಿತ್ತು. ಪ್ರತಿ ಮುಂಗಾರಿಗೂ ಪಾಲಮ್ಮ ಅದರ ಮುಂದೆ ಕುಳಿತು, "ಬ್ಯಾಡ ಮಗಾ, ಬರಬ್ಯಾಡ" ಎನ್ನುತ್ತ ಆ ಕೆಂಪು ಕುಡಿಗಳನ್ನು ಚಿವುಟುತ್ತಿದ್ದಳು. ಸಾಯುವ ವರ್ಷವೂ ಚಿವುಟಿದಳು ಎನ್ನುತ್ತಾರೆ.

ಇಂದಿಗೂ ಮೊದಲ ಮಳೆಯಾದ ವಾರ ಅಲ್ಲಿಗೆ ಹೋದವರು ನೋಡಬಹುದು. ಮಕ್ಕಳನ್ನು ಶಾಲೆಯ ಬಸ್ಸು ಹತ್ತಿಸಲು ಬಂದ ಹಟ್ಟಿಯ ತಾಯಂದಿರು ಎರಡೂ ಕಡೆ ನೋಡಿ ರಸ್ತೆ ದಾಟಿಸುತ್ತಾರೆ. ಬಸ್ಸು ಹೋದ ಮೇಲೆ ಕಟ್ಟೆ ಹತ್ತಿ ಚಿಗುರು ಚಿವುಟುತ್ತಾರೆ. ಬೆರಳಿಗೆ ಅಂಟಿದ ಆಲದ ಹಾಲನ್ನು ಯಾರೂ ಒರೆಸಿಕೊಳ್ಳುವುದಿಲ್ಲ.