ಮುರಿಗೆಪ್ಪನ ಕಣ್ಣಿಗೆ ಬೀಳದ ಟ್ಯಾಬು

ಕೇಳ್ರಪ್ಪ ಕೇಳ್ರಿ. ನಗು ಬಂದರೆ ನಗ್ರಿ, ಆದರೆ ನಿಮ್ಮ ನಿಮ್ಮ ಗಲ್ಲಾಪೆಟ್ಟಿಗೆ ಮೇಲೆ ಒಂದು ಕಣ್ಣಿಟ್ಟುಕೊಂಡೇ ನಗ್ರಿ.

ಒಂದು ಮೆಣಸಿನಕಾಯಿ ಪೇಟೆ. ಅಲ್ಲಿ ಹಾಲವ್ವನ ಅಂಗಡಿ. ಕಾಯಿ ಮುರಿದು ಮೂಸಿದರೆ ಸಾಕು, ತೂಕಕ್ಕೆ ನೀರು ಚಿಮುಕಿಸಿದ್ದೋ ಇಲ್ಲವೋ ಹೇಳುವ ಹೆಂಗಸು. ಅಂಥವಳ ಹೊಟ್ಟೆಯಲ್ಲಿ ಹುಟ್ಟಿದವನು ಗುಡ್ಡಪ್ಪ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಅದೇ ಅವಳ ಕರ್ಮ.

ಈಗ ಪೇಟೆಯಲ್ಲಿ ಸವಾಲು ಕೂಗುವುದಿಲ್ಲ. ಯಾವ ರಾಶಿಗೆ ಯಾವ ದರ ಅಂತ ಕಂಪ್ಯೂಟರಿನಲ್ಲಿ ಗುಟ್ಟಾಗಿ ಟೆಂಡರು ಹಾಕಬೇಕು, ಹೆಚ್ಚು ಹಾಕಿದವನಿಗೆ ಮಾಲು. ಹಾಲವ್ವ ರಾಶಿ ನೋಡಲು ಹೋದರೆ ಗುಡ್ಡಪ್ಪನೇ ಕಂಪ್ಯೂಟರಿನ ಮುಂದೆ ಕೂರಬೇಕು. ಕೇರಳದ ಮಸಾಲೆ ಕಂಪನಿ ಒಂದು ಲಾರಿ ಕಾಯಿ ಕೇಳಿತ್ತು. ವಾರದೊಳಗೆ ಲಾರಿ ತುಂಬದಿದ್ದರೆ ಆರ್ಡರು ಎದುರಂಗಡಿ ಮುರಿಗೆಪ್ಪನಿಗೆ!

"ಬೇಕಾದ ಟ್ಯಾಬೆಲ್ಲ ತೆರಕೊಂಡು ಕುಂದ್ರಲೇ," ಅಂದು ಹಾಲವ್ವ ಹೋದಳು. ಬಂದು ನೋಡಿದರೆ ಪರದೆಯ ತಲೆಯ ಮೇಲೆ ಟ್ಯಾಬುಗಳ ಜಾತ್ರೆ!

"ಟೆಂಡರು ಎಲ್ಲೈತಲೇ?"

"ಅದರಾಗೇ ಎಲ್ಲೋ ಐತಿ ಬೇ! ಬೇಕಾದ್ದೆಲ್ಲ ತೆರಿ ಅಂದಿ. ನನಗ ಕ್ರಿಕೆಟ್ಟೂ ಬೇಕಾಗಿತ್ತು, ಮಿರ್ಚಿ ಭಜಿ ಕರಿಯೋದೂ ಬೇಕಾಗಿತ್ತು."

ಹುಡುಕುವಷ್ಟರಲ್ಲಿ ಹೊತ್ತು ಮೀರಿತು.

"ಹುಚ್ಚಪ್ಯಾಲಿ! ನೋಡಿದ ಟ್ಯಾಬು ನೋಡಿದ ಕೂಡ್ಲೇ ಮುಚ್ಚು!"

"ಹೂಂ ಬೇ."

ಮರುದಿನ ಗುಡ್ಡಪ್ಪ ದರ ತುಂಬಿದ. ಕಣ್ತುಂಬ ನೋಡಿದ. ಮುಚ್ಚಿದ.

"ದರ ಹಾಕಿದಿ?"

"ಹಾಕಿದೆ."

"ಕಳಿಸಿದಿ?"

"ಎಲ್ಲಿಂದ ಕಳಿಸ್ಲಿ? ನೋಡಿದೆ, ಮುಚ್ಚಿದೆ!"

ಮಾಲು ಮುರಿಗೆಪ್ಪನ ಪಾಲು.

"ಅಯ್ಯ ಖೋಡಿ! ಕೆಲಸ ಮುಗಿಯೂತನಕ ಮುಚ್ಚಬ್ಯಾಡ! ಯಾರು ಬಂದ್ರೂ ತೆರದಿಡು!"

"ಹೂಂ ಬೇ."

ಮುಂದಿನ ದಿನ ಮುರಿಗೆಪ್ಪ ಚಹಾದ ಕಪ್ಪು ಹಿಡಿದು ಬಂದ. "ಏನಪಾ ಗುಡ್ಡಪ್ಪ, ಆರಾಮಾ?" ಎದುರಂಗಡಿಯವನು ಬಿಸಿಲಿನಲ್ಲಿ ರಸ್ತೆ ದಾಟಿ ಆರಾಮ ಕೇಳುತ್ತಾನೆಯೇ? ಕೇಳಿದ್ದು ಬಾಯಿ, ನೋಡಿದ್ದು ಕಣ್ಣು. ಪರದೆಯ ಮೇಲೆ ದರ ಹಾಗೇ ತೆರೆದಿತ್ತು. ಹೋಗಿ ಒಂದು ರೂಪಾಯಿ ಹೆಚ್ಚು ಹಾಕಿದ.

"ಅವನ ಮುಂದ ತೆರದಿಟ್ಟಿದ್ಯಾ? ಹೊರಗಿನವರು ಬಂದ್ರ ನಮ್ಮದು ಹಿಂದ ಸರಿಸಿ ಬ್ಯಾರೇದು ಮುಂದ ತರಬೇಕಲೇ!"

"ಹೂಂ ಬೇ."

ಆಮೇಲೆ ಬಂದವನು ಕೇರಳದ ಕಂಪನಿಯ ಏಜೆಂಟ. "ನಿಮ್ಮ ಕಾಯಿ ಫೋಟೋ ತೋರಿಸಪ್ಪ."

ಕೇರಳ! ಅದಕ್ಕಿಂತ ಹೊರಗಿನವರು ಯಾರು? ಗುಡ್ಡಪ್ಪ ಗಬಕ್ಕನೆ ತಮ್ಮದನ್ನು ಹಿಂದೆ ಸರಿಸಿದ, ಮುರಿಗೆಪ್ಪನ ಅಂಗಡಿಯ ಪುಟ ಮುಂದೆ ತಂದ.

"ಭಾರಿ ಕಾಯಿ! ಎಲ್ಲಿಟ್ಟೀರಿ?"

"ಎದುರಿನ ಅಂಗಡ್ಯಾಗ ಐತ್ರಿ ಸರ."

ರಸ್ತೆಗಿಳಿದಿದ್ದ ಏಜೆಂಟನನ್ನು ಹಾಲವ್ವ ಓಡಿ ಹೋಗಿ ತಡೆದಳು. ಕೈಮುಗಿದು, ಗದರಿಸಿ, ನಾಳೆಯ ಟೆಂಡರಿನ ತನಕ ಒಪ್ಪಿಸಿದಳು. ಮನೆಗೆ ಬಂದು ಹಣೆ ಹಣೆ ಬಡಿದುಕೊಂಡಳು.

"ನಿಮ್ಮಪ್ಪ ಹೆಂಗ ವ್ಯಾಪಾರ ಮಾಡ್ತಿದ್ದ ನೆನಪೈತೇನಲೇ? ಮಾರೋರ ಕೈ ಹಿಡದು, ಮ್ಯಾಲೆ ಟವೆಲ್ ಹಾಕಿ, ಅದರ ಕೆಳಗ ಬೆರಳು ಒತ್ತಿ ದರ ಹೇಳ್ತಿದ್ದ. ಅವರು ತಿರುಗಿ ಬೆರಳು ಒತ್ತಿದ್ರ ಸೌದಾ ಕುದುರಿದಂಗ. ಪಕ್ಕದಾಗ ನಿಂತವಗೂ ತಿಳೀತಿರಲಿಲ್ಲ. ಹಂಗ ಮಾಡು!"

"ಹೂಂ ಬೇ!"

ಮರುದಿನ ಮುರಿಗೆಪ್ಪ ಬಾಗಿಲಿಗೆ ಬಂದು ಇಣುಕಿದ, ಏನೂ ಕಾಣಲಿಲ್ಲ. ಕಿಟಕಿಯಿಂದ ಇಣುಕಿದ, ಊಹೂಂ! ಕಂಪ್ಯೂಟರಿನ ಮೇಲೂ ಗುಡ್ಡಪ್ಪನ ಕೈಮೇಲೂ ಟವೆಲು. ಮುಖ ಸಣ್ಣದು ಮಾಡಿಕೊಂಡು ಹೋದ. ದೂರದಿಂದ ನೋಡಿದ ಹಾಲವ್ವನಿಗೆ ಹಾಲು ಕುಡಿದಷ್ಟು ಖುಷಿ.

ಟೆಂಡರು ಮುಗಿಯಿತು. ಮುರಿಗೆಪ್ಪನ ಬಾಗಿಲಿಗೆ ಕೇರಳದ ಲಾರಿ ರಿವರ್ಸಿನಲ್ಲಿ ಬಂದು ನಿಂತಿತು. ಹಾಲವ್ವ ಓಡಿ ಬಂದಳು.

"ದರ ಹೇಳಿದ್ಯೋ ಇಲ್ಲೋ?"

"ಹೇಳೀನಿ ಬೇ, ಬೆರಳು ಒತ್ತಿ ಒತ್ತಿ ಹೇಳೀನಿ!"

ಟವೆಲು ಎತ್ತಿದರೆ ಮೌಸು ಅವನ ಮುಷ್ಟಿಯೊಳಗೆ ಬೆವೆತು ಕೂತಿತ್ತು.

ಗುಡ್ಡಪ್ಪ ಅವ್ವನ ಕಿವಿಗೆ ಬಾಯಿ ಹಚ್ಚಿದ. "ಮುಂಜಾನಿಂದ ಇದರ ಕೈ ಹಿಡದು ಕುಂತೀನಿ, ತಿರುಗಿ ಒಂದು ಬೆರಳೂ ಒತ್ತವಲ್ದು. ಯವ್ವಾ, ಇದೂ ಮುರಿಗೆಪ್ಪನ ಕಡೀದೇ ಕಾಣ್ತೈತಿ!"