ಸಾಹೇಬರು ಆರಿಸಿದ ಲಿನಕ್ಸ್

ಹುಬ್ಬಳ್ಳಿಯ ಸಾಫ್ಟ್‌ವೇರ್ ಕಂಪನಿಯೊಂದರ ಮ್ಯಾನೇಜರ್ ಪತ್ರಾವಳಿ ಸಾಹೇಬರಿಗೆ ತಿಂಗಳಿಗೊಂದು ಹೊಸ ಲಿನಕ್ಸ್, ಅಂದರೆ ಕಂಪ್ಯೂಟರ್ ನಡೆಸುವ ತಂತ್ರಾಂಶ, ಆರಿಸುವ ಚಟ.

"ಹಳೇದರಾಗ ಕೋಡ್ ಬರದ್ರ ಮರ್ಯಾದಿ ಎಲ್ಲೈತಿ? ನಾಳೆ ಎಲ್ಲಾ ಕಂಪ್ಯೂಟರಿಗೂ ಇದನ್ನ ಹಾಕ್ರಿ!" ಎಂದು ಕಂಪ್ಯೂಟರ್ ನೋಡಿಕೊಳ್ಳುವಾಕೆಗೆ ಗದರಿದರು.

ಹಾಕಿದರೆ ಎಲ್ಲರ ಕೆಲಸ ನಿಲ್ಲುತ್ತಿತ್ತು. ಆಕೆ ಪರದೆಯ ಮೇಲಿನ ಚಿತ್ರವನ್ನಷ್ಟೇ ಬದಲಿಸಿದಳು. ಒಳಗೆ ಹಳೆಯ ಲಿನಕ್ಸೇ ಇತ್ತು.

ಸಾಹೇಬರು ಮೌಸ್ ಆಡಿಸಿದರು. "ನೋಡ್ರಿ, ಹೆಂಗ ಓಡ್ತೈತಿ! ನಿನ್ನೆದು ಎತ್ತಿನಗಾಡಿ ಇದ್ದಂಗಿತ್ತು!"

ಎಲ್ಲರೂ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಮುಂದೆ ತಿಂಗಳಿಗೊಂದು ಚಿತ್ರ ಬದಲಾಯಿತು.

ತಮ್ಮ ನಿವೃತ್ತಿಯ ದಿನ ಸಾಹೇಬರು ಆಕೆಯ ಮೇಜಿನ ಬಳಿ ಬಂದು ನಿಂತರು.

"ಮನ್ಯಾಗ ನನ್ನ ಮಾತು ಯಾರೂ ಕೇಳಂಗಿಲ್ಲವ್ವಾ. ನಾ ಆರಿಸಿದ್ದಕ್ಕ ಹೂಂ ಅಂದಾಕಿ ನೀ ಒಬ್ಬಾಕಿ."

ಆಕೆಗೆ ನಗು ಬರಲಿಲ್ಲ. ಅವರ ಕೊನೆಯ ಲಿನಕ್ಸ್ ಎಂದು ಹಾಕಿದ್ದ ಚಿತ್ರವನ್ನು ಆಮೇಲೆ ಬದಲಿಸಲೂ ಇಲ್ಲ.