ಗೋಡೆಯ ಬುಡದ ಸುಣ್ಣ

ನಮ್ಮ ಗುರುಗಳ ಆಶ್ರಮದಲ್ಲಿ ಓದು ಮುಗಿಯಿತು ಅನ್ನುವುದಕ್ಕೆ ಒಂದೇ ಪರೀಕ್ಷೆ ಇತ್ತು. ನಾಲ್ಕು ಸಾಲಿನ ಒಂದು ಹಳೆಯ ಪದ್ಯ. ಅದರ ಅರ್ಥ ಹೇಳಬೇಕು, ಗುರುಗಳು ಒಪ್ಪಬೇಕು. ಅಷ್ಟೇ.

ಪದ್ಯ ಬರೆದವರು ಯಾರು ಅಂತ ಯಾರಿಗೂ ಗೊತ್ತಿರಲಿಲ್ಲ. ಬಸವನಹುಳುವಿನ ಮೇಲೆ ಕಟ್ಟಿದ್ದು. ಹಲ್ಲೆಲ್ಲ ಉದುರಿದ ಈ ಬಾಯಲ್ಲಿ ಬೇರೆ ಏನು ತೊದಲಿದರೂ ಅದು ಮಾತ್ರ ಇವತ್ತಿಗೂ ಸರಾಗವಾಗಿ ಬರುತ್ತದೆ.

ತನ್ನ ಮನೆ ತಾ ಹೊತ್ತು ನಡೆವುದು
ಅನ್ಯರಂಗಳ ತುಳಿಯದೆಂದೂ
ಬನ್ನವಡರಲು ಬಾಗಿಲೆಳೆವುದು
ತನ್ನೊಳಗೆ ತಾನಿದ್ದು ತಣಿವುದು

ಬನ್ನ ಅಂದರೆ ಕಷ್ಟ. ಕಷ್ಟ ಬಂದರೆ ಹುಳು ಬಾಗಿಲೆಳೆದುಕೊಂಡು, ತನ್ನ ಪಾಡಿಗೆ ತಾನು ಒಳಗೆ ಸುಖವಾಗಿದ್ದುಬಿಡುತ್ತದೆ. ಇದರಲ್ಲಿ ತಿಳಿಯದೇ ಇರುವಂಥದ್ದು ಏನಿದೆ ಹೇಳಿ. ಇಪ್ಪತ್ತೆರಡು ವರ್ಷದ ನನಗೂ ಹಾಗೇ ಅನ್ನಿಸಿತ್ತು.

ಗುರುಗಳ ಹೆಸರು ಶಿವರುದ್ರಯ್ಯ. ಕಪಿಲೆಯ ದಂಡೆಯಲ್ಲಿ ಮೂರು ಕೋಣೆ, ಒಂದು ಬಾವಿ, ಸುತ್ತಲೂ ಸುಣ್ಣ ಬಳಿದ ಮಣ್ಣಿನ ಗೋಡೆ. ಜನ ಅದನ್ನೇ ಆಶ್ರಮ ಅನ್ನುತ್ತಿದ್ದರು. ಅಡುಗೆ ಮಾಡಿ ಬಡಿಸುವುದೂ ಗುರುಗಳೇ. ಸೋಮವಾರ ಬಂತೆಂದರೆ ರಾಗಿ ರೊಟ್ಟಿ, ಅದರ ಮೇಲೆ ಹುಚ್ಚೆಳ್ಳು ಪುಡಿ. ಎರಡನೇ ಸಲ ಪುಡಿ ಹಾಕಿಸಿಕೊಳ್ಳದೆ ನಾನು ಎದ್ದದ್ದೇ ಇಲ್ಲ. ಅಂಥ ರೊಟ್ಟಿ ಆಮೇಲೆ ನನಗೆ ಎಲ್ಲೂ ಸಿಗಲಿಲ್ಲ.

ಆಶ್ರಮ ಸೇರಿದ ಆರನೇ ತಿಂಗಳಿಗೇ ಗುರುಗಳ ಮುಂದೆ ಹೋಗಿ ಕೂತೆ.

"ಯಾರ ಹಂಗೂ ಇಲ್ಲದೆ ಬದುಕಬೇಕು. ಇದೇ ಗುರುಗಳೇ ಈ ಪದ್ಯದ ಅರ್ಥ."

ಗುರುಗಳು ಕಣ್ಣುಮುಚ್ಚಿ ಕೇಳಿದರು.

"ಸರಿ, ಊಟಕ್ಕೆ ಏಳು" ಅಂದರು.

ಒಪ್ಪಿದರೋ ಇಲ್ಲವೋ ಗೊತ್ತಾಗಲಿಲ್ಲ. ಜೊತೆಯವರನ್ನು ಕೇಳಿದೆ. ಅವರು ನಕ್ಕರು. ಗುರುಗಳು ಊಟಕ್ಕೆ ಏಳು ಅಂದರೆ ಇನ್ನೂ ಆಗಿಲ್ಲ ಅಂತಲೇ ಅರ್ಥವಂತೆ.

ಮೂರು ವರ್ಷದಲ್ಲಿ ಹನ್ನೊಂದು ಸಲ ಹೇಳಿದೆ. ಹನ್ನೊಂದು ಸಲವೂ ಊಟಕ್ಕೆ ಎದ್ದೆ.

ಹಂಗು ಅನ್ನುವ ಮಾತು ನನ್ನ ಬಾಯಿಗೆ ಸುಮ್ಮನೆ ಬಂದದ್ದಲ್ಲ. ನನ್ನನ್ನು ಸಾಕಿದವಳು ನನ್ನ ಅಕ್ಕ, ಪುಟ್ಟನಂಜಮ್ಮ. ನನಗೆ ನಾಲ್ಕು, ಅವಳಿಗೆ ಹದಿನಾಲ್ಕು ಇದ್ದಾಗ ಅಪ್ಪ ಅಮ್ಮ ಒಂದೇ ವಾರದಲ್ಲಿ ಹೋದರು. ಅಕ್ಕ ಕಂಡವರ ಮನೆಯಲ್ಲಿ ರಾಗಿ ಬೀಸಿ ನನ್ನ ಹೊಟ್ಟೆ ತುಂಬಿಸಿದಳು. ನನ್ನ ದೆಸೆಯಿಂದ ತಡವಾಗಿ ಮದುವೆಯಾದಳು, ಭಾವನ ಮನೆಗೆ ನನ್ನನ್ನೂ ಕರೆದುಕೊಂಡು ಹೋದಳು. ಅಲ್ಲಿ ಒಂದು ದಿನ ಏನೋ ಚಿಕ್ಕ ವಿಷಯಕ್ಕೆ ಮಾತಿಗೆ ಮಾತು ಬೆಳೆಯಿತು. ಹತ್ತು ಜನರ ಎದುರಿಗೆ ಅಕ್ಕ ಅಂದುಬಿಟ್ಟಳು.

"ನಾನು ಬೀಸಿ ಹಾಕಿದ್ದು ತಿಂದು ಎದ್ದು ನಿಂತವ್ನೆ. ಈಗ ನಂಗೇ ಎದುರು ಮಾತಾಡ್ತಾನೆ."

ಆವತ್ತೇ ಆ ಮನೆ ಬಿಟ್ಟೆ. ಇನ್ನು ಜನ್ಮದಲ್ಲಿ ಯಾರ ಅನ್ನದ ಹಂಗೂ ಬೇಡ ಅಂತ ಆಣೆ ಹಾಕಿಕೊಂಡೆ. ಆಶ್ರಮಕ್ಕೆ ಬಂದು ಈ ಪದ್ಯ ಕೇಳಿದಾಗ, ನನಗೋಸ್ಕರವೇ ಯಾರೋ ಕಟ್ಟಿಟ್ಟು ಹೋಗಿದ್ದಾರೆ ಅನ್ನಿಸಿತು. ದಿನಾ ಎರಡು ಹೊತ್ತು ಗುರುಗಳು ಬಡಿಸಿದ್ದನ್ನು ತಿನ್ನುತ್ತಿದ್ದೇನೆ ಅನ್ನುವುದು ಮಾತ್ರ ಈ ಮಹಾನುಭಾವನಿಗೆ ಹೊಳೆಯಲಿಲ್ಲ ನೋಡಿ.

ಅಕ್ಕ ವರ್ಷಕ್ಕೊಂದು ಸಲ, ಮಳೆ ಹಿಡಿಯುವುದಕ್ಕೆ ಮುಂಚೆ, ಆಚೆ ದಡದಿಂದ ಹರಿಗೋಲು ಹತ್ತಿ ಬರುತ್ತಿದ್ದಳು. ಕೈಯಲ್ಲಿ ಒಂದು ದೊಡ್ಡ ತಗಡಿನ ಡಬ್ಬ ಇರುತ್ತಿತ್ತು. ಅವಳು ಬಂದಳು ಅಂದ ಕೂಡಲೇ ನಾನು ಕೋಣೆಯ ಬಾಗಿಲು ಹಾಕಿಕೊಳ್ಳುತ್ತಿದ್ದೆ.

"ಚನ್ನಮಲ್ಲ, ನಿಮ್ಮಕ್ಕ ಬಂದಿದ್ದಾರೆ."

"ನಾನು ಬರೋದಿಲ್ಲ ಗುರುಗಳೇ. ಡಬ್ಬ ವಾಪಸ್ ಕಳಿಸಿಬಿಡಿ."

"ಆಗಲಿ."

ಅಕ್ಕ ಸ್ವಲ್ಪ ಹೊತ್ತು ಬಾವಿಕಟ್ಟೆಯ ಮೇಲೆ ಕೂತಿದ್ದು ಎದ್ದು ಹೋಗುತ್ತಿದ್ದಳು. ಬಾಗಿಲ ಸಂದಿಯಿಂದ ಅವಳ ಸೆರಗಿನ ಅಂಚು ಕಾಣುತ್ತಿತ್ತು. ಅದು ಮರೆಯಾಗುವ ತನಕ ನೋಡುತ್ತಿದ್ದೆ, ಸುಳ್ಳು ಯಾಕೆ ಹೇಳಲಿ. ಆದರೂ ಬಾಗಿಲು ತೆಗೆಯಲಿಲ್ಲ. ಒಳಗೆ ಕೂತು ಪದ್ಯ ಹೇಳಿಕೊಳ್ಳುತ್ತಿದ್ದೆ.

ಆಶ್ರಮದಲ್ಲಿ ನನ್ನ ಪಾಲಿಗೆ ಬಂದ ಕೆಲಸ ಗೋಡೆಗೆ ಸುಣ್ಣ ಬಳಿಯುವುದು. ಬೇರೆ ಕಡೆ ವರ್ಷಕ್ಕೊಂದು ಸಲ ಬಳಿದರೆ ಮುಗಿಯಿತು, ನಮ್ಮಲ್ಲಿ ಮೂರು ಸಲ. ಯಾಕೆಂದರೆ ಗೋಡೆಯ ಬುಡದಲ್ಲಿ ಒಂದು ಮೊಳ ಎತ್ತರಕ್ಕೆ ಸುಣ್ಣ ನಿಲ್ಲುತ್ತಲೇ ಇರಲಿಲ್ಲ. ಎರಡು ತಿಂಗಳು ಕಳೆಯುವಷ್ಟರಲ್ಲಿ ಅಲ್ಲಲ್ಲಿ ಮಣ್ಣು ಇಣುಕುತ್ತಿತ್ತು.

"ಸ್ವಲ್ಪ ಉಪ್ಪು ಕೊಡಿ ಗುರುಗಳೇ, ಸುಣ್ಣಕ್ಕೆ ಬೆರೆಸ್ತೀನಿ. ಉಪ್ಪು ಬಿದ್ದರೆ ಕಚ್ಚಿಕೊಂಡು ನಿಲ್ಲುತ್ತೆ."

"ಉಪ್ಪು ಬೇಡ."

"ಊರಲ್ಲೆಲ್ಲ ಹಾಕ್ತಾರೆ."

"ಇಲ್ಲಿ ಬೇಡ. ಮೇಲೆ ಹೇಗಾದರೂ ಬಳಿ. ಕೆಳಗೆ ದಪ್ಪಗೆ ಬಳಿ."

ಒಂದು ಹಿಡಿ ಉಪ್ಪಿಗೂ ಇಷ್ಟು ಜಿಪುಣತನವೇ ಅಂತ ಗೊಣಗಿಕೊಂಡು ಹೋಗಿ ಬಳಿದೆ.

ನಾಲ್ಕನೇ ವರ್ಷ ಅಕ್ಕ ಬರಲಿಲ್ಲ. ಒಂದು ಸಂಜೆ ಮೊದಲ ಮಳೆ ಬಿದ್ದು ನಿಂತಿತು. ಮರುದಿನ ಬೆಳಗ್ಗೆ ಹರಿಗೋಲಿನ ಸಿದ್ದಯ್ಯ ಬಂದು ಗುರುಗಳ ಮುಂದೆ ಕೈಮುಗಿದು ನಿಂತ.

"ಬುದ್ಧಿ, ಚನ್ನಮಲ್ಲಪ್ಪನ ಅಕ್ಕ ಆಚೆ ದಡದಾಗವ್ರೆ. ಅವರ ಯಜಮಾನ್ರಿಗೆ ರೈಲ್ವೆ ಕೆಲಸದಾಗೆ ಗುಂತಕಲ್ಲಿಗೆ ವರ್ಗ ಆಯ್ತಂತೆ. ಸಾಮಾನೆಲ್ಲ ಗಾಡಿಗೆ ಏರಿಸವ್ರೆ. ಮಧ್ಯಾಹ್ನಕ್ಕೆ ಹೊರಟ್ರೆ ಮತ್ತೆ ಈ ಕಡೆ ಬರೋದು ಯಾವ ಕಾಲಕ್ಕೋ."

"ಈಚೆಗೆ ಬರೋದಿಲ್ಲವಂತಾ?"

"ಇಲ್ಲ ಬುದ್ಧಿ. ಮೂರು ಸಲ ಬಂದು ಮುಚ್ಚಿದ ಬಾಗಿಲು ನೋಡ್ಕೊಂಡು ಹೋದೆ, ಈ ಸಲ ಅವನೇ ಬರಲಿ ಅಂದ್ರು. ಹೊತ್ತು ನೆತ್ತಿಗೆ ಬರೋಗಂಟ ಆಲದ ಮರದಡಿ ಕುಂತಿರ್ತಾರಂತೆ."

ಗುರುಗಳು ನನ್ನ ಕಡೆ ನೋಡಿದರು.

"ನಾನು ಹೋಗೋದಿಲ್ಲ" ಅಂದೆ.

"ಬೇಡ. ಪದ್ಯದ ಅರ್ಥ ಹೇಳು. ಹನ್ನೆರಡನೇ ಸಲ ಕೇಳ್ತೀನಿ."

ಹೇಳಿದೆ. ಹಿಂದಿನ ಹನ್ನೊಂದು ಸಲಕ್ಕಿಂತ ಜೋರಾಗಿ ಹೇಳಿದೆ. ಯಾರೂ ಬೇಡ, ಯಾರದೂ ಬೇಡ, ಆ ಹುಳುವಿಗಿರುವ ಮರ್ಯಾದೆ ಮನುಷ್ಯನಿಗೂ ಇರಬೇಕು ಅಂದೆ.

ಗುರುಗಳು ಊಟಕ್ಕೆ ಏಳು ಅನ್ನಲಿಲ್ಲ.

"ಬಸವನಹುಳುನ ನೋಡಿದ್ದೀಯಾ?"

"ಇದೆಂಥ ಪ್ರಶ್ನೆ ಗುರುಗಳೇ. ನೋಡದೆ ಏನು."

"ಎಷ್ಟು ಹೊತ್ತು ನೋಡಿದ್ದೀಯಾ?"

ದಾರಿಯಲ್ಲಿ ಕಂಡರೆ ದಾಟಿಕೊಂಡು ಹೋಗುತ್ತಿದ್ದೆ, ಅಷ್ಟೇ.

ಗುರುಗಳು ಎದ್ದು ಹಿತ್ತಲಿಗೆ ನಡೆದರು. ನಾನೂ ಹಿಂದೆ ಹೋದೆ. ವಾರದ ಹಿಂದೆ ನಾನೇ ಸುಣ್ಣ ಬಳಿದ ಗೋಡೆ. ಅದರ ಬುಡದಲ್ಲಿ, ಮಳೆಯ ತಂಪಿಗೆ ಎದ್ದು ಬಂದ ಬಸವನಹುಳುಗಳು ಅಂಟಿಕೊಂಡಿದ್ದವು. ಇಪ್ಪತ್ತು ಮೂವತ್ತು ಇದ್ದವೇನೋ.

"ಕೂತ್ಕೋ."

ಕುಕ್ಕರಗಾಲಲ್ಲಿ ಕೂತೆ. ಒಂದು ಹುಳುವಿನ ಹತ್ತಿರ ಮುಖ ತಂದು ನೋಡಿದೆ. ಅದು ಬಾಯಿ ಆಡಿಸುತ್ತಿತ್ತು. ಅದು ಹೋದ ದಾರಿಯಲ್ಲಿ ಗೋಡೆಯ ಮೇಲೆ ಸಣ್ಣ ಸಣ್ಣ ಗೀರು ಬಿದ್ದಿದ್ದವು.

"ಏನು ತಿಂತಾ ಇದೆ?"

"ಪಾಚಿ ಇರಬೇಕು."

"ವಾರದ ಸುಣ್ಣದ ಮೇಲೆ ಪಾಚಿ ಎಲ್ಲಿಂದ ಬಂತು?"

ಗೀರಿನ ಮೇಲೆ ಬೆರಳಾಡಿಸಿದೆ. ಅಲ್ಲಿ ಮಣ್ಣು ತಗುಲಿತು.

"ಸುಣ್ಣ ತಿಂತಿದೆ ಗುರುಗಳೇ."

"ಅದರ ಬೆನ್ನ ಮೇಲಿನ ಚಿಪ್ಪು ಯಾತರದು?"

ನಾನು ಗೊಣಗುತ್ತಾ ಬಳಿದ ಸುಣ್ಣವೆಲ್ಲ ಅಲ್ಲಿ ಅವುಗಳ ಬೆನ್ನ ಮೇಲೆ ಕೂತಿತ್ತು.

"ಸುಣ್ಣದ್ದು."

"ಉಪ್ಪು ಕೇಳ್ತಿದ್ದೆ ನೀನು. ಉಪ್ಪು ತಗುಲಿದರೆ ಈ ಹುಳು ನಿಂತಲ್ಲೇ ಕರಗಿ ಹೋಗುತ್ತೆ" ಅಂದರು ಗುರುಗಳು.

ಹನ್ನೆರಡು ಸಲ ಅರ್ಥ ಹೇಳಿದವನು ನಾನು. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಆದರೂ ಒಳಗಿದ್ದ ಸಿಟ್ಟು ಸುಮ್ಮನಿರಬೇಕಲ್ಲ.

"ಹಾಗಾದರೆ ಪದ್ಯವೇ ಸುಳ್ಳು. ತನ್ನ ಮನೆ ಅಂತಾರೆ. ಮನೆ ಗೋಡೆಯದ್ದು."

"ಅದನ್ನ ಗೋಡೆ ಹೊರುತ್ತಾ?"

"ಇಲ್ಲ."

"ಮಳೆಗೆ ಬಿಸಿಲಿಗೆ ಅದರೊಳಗೆ ಹೋಗಿ ಕೂರೋರು ಯಾರು?"

"ಹುಳುವೇ."

"ಮತ್ತೆ ಮನೆ ಅದರದ್ದೇ ಆಯ್ತಲ್ಲ. ಪದ್ಯ ಸರಿಯಾಗಿದೆ. ಹಂಗು ಅನ್ನೋ ಮಾತು ಆ ನಾಲ್ಕು ಸಾಲಲ್ಲಿ ಎಲ್ಲಿದೆ ತೋರಿಸು."

ಮನಸ್ಸಿನಲ್ಲೇ ಮೊದಲಿನಿಂದ ಕೊನೆಯ ತನಕ ಹೇಳಿಕೊಂಡೆ. ಮತ್ತೊಂದು ಸಲ ಹೇಳಿಕೊಂಡೆ. ಎಲ್ಲೂ ಇರಲಿಲ್ಲ.

"ಅದು ನೀನು ಮನೆಯಿಂದ ತಂದದ್ದು" ಅಂದರು.

ನನಗೆ ತಡೆಯಲಾಗಲಿಲ್ಲ. ಅಷ್ಟು ದೊಡ್ಡವನು ಗುರುಗಳ ಎದುರು ಅತ್ತುಬಿಟ್ಟೆ.

"'ನಾನು ಕೊಟ್ಟೆ' ಅಂತ ಗೋಡೆ ಹೇಳೋದಿಲ್ಲ ಗುರುಗಳೇ. ನಮ್ಮಕ್ಕ ಹೇಳಿದಳು. ಹತ್ತು ಜನರ ಎದುರು ಹೇಳಿದಳು."

"ಅವಳು ಒಂದು ಸಲ ಹೇಳಿದಳು. ನೀನು ಮೂರು ವರ್ಷದಿಂದ ದಿನಾ ಹೇಳ್ಕೊಳ್ತಾ ಇದ್ದೀಯ."

ಇಷ್ಟು ಹೇಳಿ ಗುರುಗಳು ಅಡುಗೆಮನೆಗೆ ಹೋದರು. ಬರುವಾಗ ಕೈಯಲ್ಲಿ ಒಂದು ಖಾಲಿ ಡಬ್ಬ ಇತ್ತು.

"ಆಚೆ ದಡಕ್ಕೆ ಹೋಗೋ ಮನಸ್ಸಿದ್ದರೆ ಇದನ್ನ ಕೊಟ್ಟು ಬಾ. ಹೋದ ವರ್ಷದ್ದು."

ಮುಚ್ಚಳ ತೆಗೆದೆ. ಹುಚ್ಚೆಳ್ಳು ಪುಡಿಯ ವಾಸನೆ ಗಮ್ಮೆಂದು ಮುಖಕ್ಕೆ ಬಂತು. ಸೋಮವಾರದ ಪುಡಿ. ಅದನ್ನು ತಿನ್ನುವಾಗೆಲ್ಲ ನಮ್ಮ ಮನೆಯ ಪುಡಿಯ ಹಾಗೇ ಇದೆಯಲ್ಲ ಅನ್ನಿಸುತ್ತಿತ್ತು. ಹುಚ್ಚೆಳ್ಳು ಪುಡಿ ಎಲ್ಲ ಕಡೆಯೂ ಒಂದೇ ತಾನೇ ಅಂದುಕೊಂಡು ಇನ್ನೊಂದು ಚಮಚ ಹಾಕಿಸಿಕೊಳ್ಳುತ್ತಿದ್ದೆ.

"ವಾಪಸ್ ಕಳಿಸಿ ಅಂದಿದ್ದೆನಲ್ಲ ಗುರುಗಳೇ."

"ಕಳಿಸ್ತಾನೇ ಇದ್ದೆ. ಹೊಸ ಡಬ್ಬ ಇಟ್ಕೊಂಡು ಹಳೇದನ್ನ ಕಳಿಸ್ತಿದ್ದೆ."

ಗುರುಗಳು ನಗಲಿಲ್ಲ. ಕಣ್ಣಿನಲ್ಲಿ ಮಾತ್ರ ಸ್ವಲ್ಪ ತುಂಟತನ ಇತ್ತು. ಆ ಕಣ್ಣು ಈಗಲೂ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ.

ಓಡಿದೆ. ಸಿದ್ದಯ್ಯ ಹರಿಗೋಲು ಬಿಚ್ಚಿಕೊಂಡು ಕಾಯುತ್ತಿದ್ದ. ಹೊಳೆಯ ನೀರು ಕೆಂಪಗೆ ಏರುತ್ತಿತ್ತು. ಅಷ್ಟು ಚಿಕ್ಕ ಹೊಳೆ ದಾಟಲು ನನಗೆ ಮೂರು ವರ್ಷ ಹಿಡಿದಿತ್ತು.

ಅಕ್ಕ ಆಲದ ಮರದ ಕೆಳಗೆ ಕೂತಿದ್ದಳು. ತಲೆಯ ಮುಂಭಾಗ ನರೆತಿತ್ತು. ಡಬ್ಬ ಹಿಡಿದುಕೊಂಡು ಅವಳ ಮುಂದೆ ಹೋಗಿ ನಿಂತೆ.

"ಬಂದ್ಯಾ ಮಲ್ಲು" ಅಂದಳು. "ಎಷ್ಟು ಸಣ್ಣಗಾಗಿದ್ದೀಯೋ."

ಖಾಲಿ ಡಬ್ಬ ಅವಳ ಕೈಗೆ ಕೊಟ್ಟೆ. ಅವಳು ಪಕ್ಕದಲ್ಲಿದ್ದ ಇನ್ನೊಂದು ಡಬ್ಬ ನನ್ನ ಕೈಗಿಟ್ಟಳು. ಅದು ತುಂಬಿತ್ತು.

"ಈ ಸಲ ಒಂಚೂರು ಉಪ್ಪು ಜಾಸ್ತಿ ಆಗ್ಬಿಟ್ಟದೆ. ನೋಡ್ಕಂಡು ಹಾಕ್ಕೊ." ಆಮೇಲೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಹೇಳಿದಳು. "ಆವತ್ತು ಯಾಕಂಗಂದ್ನೋ ನಂಗೇ ಗೊತ್ತಿಲ್ಲ ಕಣಪ್ಪ."

"ನೀನೇನು ಸುಳ್ಳು ಹೇಳಲಿಲ್ಲವಲ್ಲಕ್ಕ" ಅಂದೆ. "ನೀನು ಬೀಸಿ ಹಾಕಿದ್ದಕ್ಕೇ ನಾನು ಎದ್ದು ನಿಂತದ್ದು."

ಅವಳು ನನ್ನ ತಲೆ ಸವರಿದಳು. ರಾಗಿ ಬೀಸಿ ಬೀಸಿ ಒರಟಾದ ಅಂಗೈ. ಅಷ್ಟರಲ್ಲಿ ಭಾವ ಗಾಡಿಯಿಂದ ಕೂಗಿದರು, ಹೊತ್ತಾಯಿತು ಅಂತ. ಅಕ್ಕ ಎದ್ದು ಹೋದಳು. ಗಾಡಿ ತಿರುವಿನಲ್ಲಿ ಮರೆಯಾಗುವ ತನಕ ತಿರುಗಿ ತಿರುಗಿ ನೋಡುತ್ತಿದ್ದಳು.

ನಾನು ಅವಳನ್ನು ನೋಡಿದ್ದು ಅದೇ ಕೊನೆ. ಏಳು ವರ್ಷ ಗುಂತಕಲ್ಲಿನಿಂದ ಅವಳ ಕಾಗದ ಬರುತ್ತಿತ್ತು. ಆಮೇಲೆ ಒಂದು ದಿನ ಭಾವನ ಕೈಬರಹದ ಕಾಗದ ಬಂತು, ಅಕ್ಕ ಹೋಗಿಬಿಟ್ಟಳು ಅಂತ. ಆವತ್ತು ಆ ಬೆಳಗ್ಗೆ ಹೊಳೆ ದಾಟದೇ ಹೋಗಿದ್ದರೆ ನನ್ನ ಗತಿ ಏನಾಗುತ್ತಿತ್ತು ಅಂತ ಈ ವಯಸ್ಸಿನಲ್ಲೂ ನೆನೆಸಿಕೊಳ್ಳುತ್ತಿರುತ್ತೇನೆ.

ಆ ಮಧ್ಯಾಹ್ನ ವಾಪಸ್ ಬಂದಾಗ ಗುರುಗಳು ಗೋಡೆಯ ಹತ್ತಿರವೇ ನಿಂತಿದ್ದರು. ಡಬ್ಬ ತೆಗೆದುಕೊಂಡು ಮುಚ್ಚಳ ತೆರೆದು ಮೂಸಿದರು.

"ಪದ್ಯದ ಅರ್ಥ?"

"ಗೊತ್ತಿಲ್ಲ ಗುರುಗಳೇ. ಖಾಲಿ ಡಬ್ಬ ತಗೊಂಡು ಹೋದೆ, ತುಂಬಿದ ಡಬ್ಬ ತಂದೆ. ಅವಳು ಮಾಡಿದ್ದಕ್ಕೆ ಪ್ರತಿಯಾಗಿ ನನ್ನ ಕೈಲಿ ಏನೂ ಮಾಡೋಕಾಗಲಿಲ್ಲ. ಅವಳು ಹೊರಟೇ ಹೋದಳು. ಇನ್ನು ಯಾರಿಗೆ ಏನು ಮಾಡಲಿ?"

ಗುರುಗಳು ಬಗ್ಗಿ ಗೋಡೆಯ ಬುಡ ನೋಡಿದರು. ಹುಳುಗಳು ಇನ್ನೂ ಅಲ್ಲೇ ಇದ್ದವು. ಮೂಲೆಯಲ್ಲಿದ್ದ ಕತ್ತಾಳೆ ನಾರಿನ ಕುಂಚ ತಂದು ನನ್ನ ಕೈಗೆ ಕೊಟ್ಟರು.

"ಸುಣ್ಣ ಕಲಸು ಚನ್ನಮಲ್ಲ. ಮೇಲೆ ಹೇಗಾದರೂ ಬಳಿ. ಕೆಳಗೆ ದಪ್ಪಗೆ ಬಳಿ."